ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್‌ಜಿಯವರು

ಇಂದು ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಧರಿಸಿರುವ, ಹಳಬರ ಬಾಯಲ್ಲಿ ಇನ್ನೂ ವಿ.ಟಿ.ಯಾಗಿಯೇ ಉಳಿದಿರುವ ಮುಂಬಯಿಯ ದೊಡ್ಡ ರೈಲು ನಿಲ್ದಾಣದ ಎದುರಿಗೆ, ರಸ್ತೆಯ ಆಚೆಯ ಬದಿಯಲ್ಲಿ, ಒಂದು ಹಳೆಯ ಕಲ್ಲಿನ ಕಟ್ಟಡವಿದೆ. ಊರಿನಿಂದ ಬಂದಿಳಿದವರು, ದಿನವೂ ಕಚೇರಿಗೆ ಓಡುವವರು, ಹೊಟೇಲಿನ ಕೆಲಸಕ್ಕೆ ಹೊತ್ತು ಮೂಡುವ ಮೊದಲೇ ಹೊರಟವರು, ಎಲ್ಲರೂ ಅದರ ಮುಂದೆಯೇ ಹಾಯ್ದು ಹೋಗುತ್ತಾರೆ. ಅದು ಅಂಜುಮನ್-ಇ-ಇಸ್ಲಾಂ ಸಂಸ್ಥೆಯ ವಿದ್ಯಾಶಾಲೆ. ಅದನ್ನು ಕಟ್ಟಿ ನಿಲ್ಲಿಸಿದ ಮಹನೀಯರಲ್ಲಿ ಅಗ್ರಗಣ್ಯರಾದವರು ಬ್ಯಾರಿಸ್ಟರ್ ಬದ್ರುದ್ದೀನ್ ತಯ್ಯಬ್‌ಜಿಯವರು.

ಮುಂಬಯಿ ಹೈಕೋರ್ಟಿನ ಮೊದಲನೆಯ ಭಾರತೀಯ ಬ್ಯಾರಿಸ್ಟರರು ಅವರು. ಅದೇ ಹೈಕೋರ್ಟಿನ ಮೊದಲನೆಯ ಮುಸಲ್ಮಾನ ನ್ಯಾಯಾಧೀಶರೂ ಅವರೇ. ಕಾಂಗ್ರೆಸ್ ಮಹಾಸಭೆಯ ಅಧ್ಯಕ್ಷ ಪೀಠವನ್ನು ಏರಿದ ಮೊದಲನೆಯ ಮುಸಲ್ಮಾನರೂ ಅವರೇ. ಆದರೆ ಹೀಗೆ ಮೊದಲಿಗರಾದುದಷ್ಟೇ ಒಬ್ಬ ಮನುಷ್ಯನನ್ನು ನೆನೆಯಲು ಸಾಕಾದ ಕಾರಣವಲ್ಲ. ತನ್ನ ಸಮಾಜ ಮತ್ತು ತನ್ನ ದೇಶ, ಇವೆರಡರಲ್ಲಿ ಯಾವುದಕ್ಕೆ ಸೇರಿದವನು ನೀನು ಎಂಬ ಪ್ರಶ್ನೆಯನ್ನು ಎರಡು ಕಡೆಯವರೂ ಅವರ ಮುಂದೆ ಇಟ್ಟರು. ಎರಡಕ್ಕೂ ಸೇರಿದವನು ಎಂದು ಅವರು ಬದುಕಿ ತೋರಿಸಿದರು. ಅದಕ್ಕಾಗಿ ತೆರಬೇಕಾದ ಬೆಲೆಯನ್ನೂ ತೆತ್ತರು. ಆ ಕಾರಣಕ್ಕಾಗಿ ಅವರ ಚರಿತ್ರೆಯು ನಮ್ಮ ವಾಚಕರು ಅರಿತಿರತಕ್ಕದ್ದಾಗಿದೆ.

ಮನೆತನ ಮತ್ತು ಬಾಲ್ಯ

ಬದ್ರುದ್ದೀನರು 1844ರ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯಲ್ಲಿ ಜನಿಸಿದರು. ಅವರ ತಂದೆ ಮುಲ್ಲಾ ತಯ್ಯಬ್ ಅಲಿಯವರು ಸುಲೈಮಾನಿ ಬೋಹರಾ ಪಂಗಡಕ್ಕೆ ಸೇರಿದ ವರ್ತಕರು. ಹಿಂದೆ ಅರಬ್ ದೇಶದಿಂದ ಬಂದು ಗುಜರಾತಿನ ಖಂಬಾತ ಬಂದರಿನಲ್ಲಿ ನೆಲೆಸಿದ ಮನೆತನ ಅವರದು. ತಂದೆಯ ಹೆಸರೇ ಮುಂದೆ ಮಕ್ಕಳಿಗೆ ಮನೆತನದ ಹೆಸರಾಗಿ ತಯ್ಯಬ್‌ಜಿ ಎಂದು ಪ್ರಸಿದ್ಧವಾಯಿತು.

ತಯ್ಯಬ್ ಅಲಿಯವರು ಧರ್ಮದಲ್ಲಿ ನಿಷ್ಠೆಯುಳ್ಳವರು, ವ್ಯವಹಾರದಲ್ಲಿ ದೂರದೃಷ್ಟಿಯುಳ್ಳವರು. ಆ ಕಾಲದಲ್ಲಿ ಇಂಗ್ಲಿಷ್ ವಿದ್ಯೆಯೆಂದರೆ ಮುಸಲ್ಮಾನ ಸಮಾಜದಲ್ಲಿ ಬಹುಜನರಿಗೆ ಅಪನಂಬಿಕೆಯಿದ್ದಿತು. ಪರಭಾಷೆ ಕಲಿತ ಮಗನು ಪರಧರ್ಮದ ದಾರಿ ಹಿಡಿದಾನೆಂಬ ಭಯವೇ ಅದಕ್ಕೆ ಕಾರಣ. ಸಮುದ್ರ ದಾಟಿದವನನ್ನು ಜಾತಿಯಿಂದ ಹೊರಗಿಡುತ್ತಿದ್ದ ಹಿಂದೂ ಮನೆಗಳ ಕಥೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಇಂಥ ಕಾಲದಲ್ಲಿ ತಯ್ಯಬ್ ಅಲಿಯವರು ತಮ್ಮ ಗಂಡುಮಕ್ಕಳನ್ನು ಯುರೋಪಿಗೆ ಕಳುಹಿಸಿ ಓದಿಸಿದರು. ಅವರಲ್ಲೊಬ್ಬರಾದ ಕಮ್ರುದ್ದೀನರು ವಿಲಾಯತಿಯಲ್ಲಿ ಸಾಲಿಸಿಟರ್ ಆಗಿ ಸನ್ನದು ಪಡೆದ ಮೊದಲನೆಯ ಭಾರತೀಯರೆನಿಸಿದರು. ಬದ್ರುದ್ದೀನರು ವಕೀಲಿ ವೃತ್ತಿಯ ಕಡೆಗೆ ಮನಸ್ಸು ಮಾಡಿದುದು ಈ ಅಣ್ಣನನ್ನು ನೋಡಿಯೇ.

ಮೊದಲು ಮದರಸಾದಲ್ಲಿ ಉರ್ದು ಮತ್ತು ಪಾರ್ಸಿ ಪಾಠವಾಯಿತು. ಅನಂತರ ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಇಂಗ್ಲಿಷ್ ಶಿಕ್ಷಣ ನಡೆಯಿತು. ಎರಡು ಬಗೆಯ ವಿದ್ಯೆಗಳೂ ಹೀಗೆ ಒಂದೇ ತಲೆಯಲ್ಲಿ ಸೇರಿದವು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂಬ ಮಾತನ್ನು ಆ ಮನೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ವಿಲಾಯತಿಯ ವ್ಯಾಸಂಗ

1860ರಲ್ಲಿ, ಹದಿನಾರನೆಯ ವಯಸ್ಸಿನ ಸುಮಾರಿಗೆ, ಬದ್ರುದ್ದೀನರು ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಆರಂಭಿಸಿದರು. ಸೂಯೆಜ್ ಕಾಲುವೆಯು ಇನ್ನೂ ತೆರೆಯದಿದ್ದ ಕಾಲವದು. ಹಡಗಿನಿಂದ ಇಳಿದು ಈಜಿಪ್ಟಿನ ನೆಲವನ್ನು ದಾಟಿ ಮತ್ತೆ ಹಡಗು ಹತ್ತುವುದು, ಇಲ್ಲವೇ ಆಫ್ರಿಕಾ ಖಂಡವನ್ನೇ ಸುತ್ತಿ ಹೋಗುವುದು, ಇವೆರಡೇ ದಾರಿಗಳಿದ್ದವು. ಊರಿನಿಂದ ಬಂದ ಪತ್ರಕ್ಕೆ ಬರೆದ ಉತ್ತರವು ಊರು ಮುಟ್ಟುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು.

ದೂರದೇಶದ ಏಕಾಂತಕ್ಕಿಂತಲೂ ದೊಡ್ಡ ತೊಂದರೆಯು ಅವರ ಕಣ್ಣಿನದಾಗಿತ್ತು. ಚಿಕ್ಕಂದಿನಿಂದಲೇ ದೃಷ್ಟಿದೋಷವಿದ್ದು, ಅದರ ಚಿಕಿತ್ಸೆಗಾಗಿ ಫ್ರಾನ್ಸಿಗೂ ಹೋಗಬೇಕಾಗಿ ಬಂದಿತ್ತು. ಲಂಡನ್ ವಿಶ್ವವಿದ್ಯಾಲಯವನ್ನೂ, ಬ್ಯಾರಿಸ್ಟರರನ್ನು ತಯಾರು ಮಾಡುವ ಮಿಡ್ಲ್ ಟೆಂಪಲ್ ಎಂಬ ಸಂಸ್ಥೆಯನ್ನೂ 1863ರಲ್ಲಿ ಸೇರಿದರು. ರಾತ್ರಿ ದೀಪದ ಬೆಳಕಿನಲ್ಲಿ ಕಾಯಿದೆಯ ಗ್ರಂಥಗಳನ್ನು ಓದುವ ಆಯಾಸವನ್ನು ಕಣ್ಣುಗಳು ತಾಳಲಿಲ್ಲ. 1864ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಮುಂಬಯಿಗೆ ಮರಳಿದರು.

ಅಲ್ಲಿಗೇ ಕಥೆ ಮುಗಿಯಬಹುದಾಗಿತ್ತು. ಮನೆಯಲ್ಲಿ ವ್ಯಾಪಾರವಿತ್ತು, ಅನುಕೂಲವಿತ್ತು. 1865ರಲ್ಲಿ ವಿವಾಹವೂ ಆಯಿತು. ಆದರೂ ಅದೇ ವರ್ಷದ ಕೊನೆಯಲ್ಲಿ ಅವರು ಪುನಃ ಹಡಗು ಹತ್ತಿದರು. ನಿಂತಲ್ಲಿಂದ ಓದನ್ನು ಮುಂದುವರಿಸಿದರು. 1867ರ ಏಪ್ರಿಲಿನಲ್ಲಿ ಬ್ಯಾರಿಸ್ಟರ್ ಪದವಿಯನ್ನು ಪಡೆದು, ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಗೆ ಬಂದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ.

ಹೈಕೋರ್ಟಿನ ಮೆಟ್ಟಿಲು

ಮುಂಬಯಿ ಹೈಕೋರ್ಟು ಸ್ಥಾಪನೆಯಾದುದು 1862ರಲ್ಲಿ. ಇಂದು ನಾವು ಕಾಣುವ ಅದರ ಭವ್ಯ ಕಟ್ಟಡವು 1878ರಲ್ಲಿ ಪೂರ್ತಿಯಾಯಿತು. ಅದಕ್ಕೆ ಹನ್ನೊಂದು ವರ್ಷ ಮೊದಲೇ ಬದ್ರುದ್ದೀನರು ಅಲ್ಲಿ ವಕೀಲಿಯನ್ನು ಆರಂಭಿಸಿದ್ದರು. ಆ ನ್ಯಾಯಸ್ಥಾನವು ನಮಗೆ ಪರಕೀಯವಾದುದೇನೂ ಅಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಷ್ಟು ಕಾಲ, ಎಂದರೆ 1956ರ ವರೆಗೂ, ಅಲ್ಲಿನ ರೈತನ ಹೊಲದ ವ್ಯಾಜ್ಯವು ಕೊನೆಯ ತೀರ್ಪಿಗಾಗಿ ಈ ಮುಂಬಯಿಗೇ ಬರುತ್ತಿತ್ತು.

ಹೈಕೋರ್ಟಿನಲ್ಲಿ ಆಗ ಬ್ಯಾರಿಸ್ಟರರ ಸ್ಥಾನವೆಲ್ಲ ಆಂಗ್ಲರದೇ ಆಗಿತ್ತು. ಹೊಸದಾಗಿ ಬಂದ ಭಾರತೀಯನಿಗೆ ಇದ್ದ ಕಷ್ಟವನ್ನು ತಿಳಿಯಬೇಕಾದರೆ ಅಲ್ಲಿನ ಪದ್ಧತಿಯನ್ನು ಸ್ವಲ್ಪ ಅರಿತಿರಬೇಕು. ಮುಂಬಯಿ ಪಟ್ಟಣದ ದೊಡ್ಡ ದಾವೆಗಳು ನೇರವಾಗಿ ಹೈಕೋರ್ಟಿನಲ್ಲಿಯೇ ದಾಖಲಾಗುತ್ತಿದ್ದವು. ಅಲ್ಲಿ ಕಕ್ಷಿಗಾರನು ಬ್ಯಾರಿಸ್ಟರರ ಬಳಿಗೆ ತಾನಾಗಿ ಹೋಗುವಂತಿರಲಿಲ್ಲ. ಆತನು ಮೊದಲು ಸಾಲಿಸಿಟರನನ್ನು ಕಾಣಬೇಕು. ಕಾಗದಪತ್ರಗಳನ್ನೆಲ್ಲ ಸಾಲಿಸಿಟರನು ಅಣಿಮಾಡಿ, ತನಗೆ ನಂಬಿಕೆಯುಳ್ಳ ಬ್ಯಾರಿಸ್ಟರನಿಗೆ ಮೊಕದ್ದಮೆಯನ್ನು ಒಪ್ಪಿಸಬೇಕು. ಸಾಲಿಸಿಟರರೂ ಬಹುಮಟ್ಟಿಗೆ ಆಂಗ್ಲರೇ ಆಗಿದ್ದ ಕಾಲದಲ್ಲಿ ಭಾರತೀಯ ಬ್ಯಾರಿಸ್ಟರನ ಮೇಜಿನ ಮೇಲೆ ಕಾಗದದ ಕಟ್ಟು ಬಂದು ಬೀಳುವುದು ಸುಲಭವಾಗಿರಲಿಲ್ಲ. ಬದ್ರುದ್ದೀನರಿಗೆ ಅಣ್ಣ ಕಮ್ರುದ್ದೀನರೇ ಸಾಲಿಸಿಟರರಾಗಿದ್ದುದು ದೊಡ್ಡ ಆಸರೆಯಾಯಿತು.

ಆಸರೆಯಿಂದ ಬಾಗಿಲು ತೆರೆಯಬಹುದು, ಒಳಗೆ ನಿಲ್ಲುವುದು ಸ್ವಂತ ಶಕ್ತಿಯಿಂದಲೇ ಆಗಬೇಕು. ಬದ್ರುದ್ದೀನರ ಬಲವೆಂದರೆ ಅಚ್ಚುಕಟ್ಟಾದ ವಾದ. ಕೆಲವೇ ವರ್ಷಗಳಲ್ಲಿ ಅವರು ಮುಂಬಯಿಯ ಅತಿ ದೊಡ್ಡ ವಕೀಲರ ಸಾಲಿಗೆ ಸೇರಿದರು. ಮುಂದೆ ಗಾಂಧೀಜಿಯವರು ಹೊಸ ಬ್ಯಾರಿಸ್ಟರರಾಗಿ ಮುಂಬಯಿಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ದಿನಗಳಲ್ಲಿ, ಬದ್ರುದ್ದೀನರ ವಾದಕ್ಕೆ ನ್ಯಾಯಾಧೀಶರೂ ಬೆರಗಾಗುತ್ತಾರೆಂದು ಸ್ನೇಹಿತರು ಹೇಳುತ್ತಿದ್ದುದನ್ನು ಕೇಳಿ ತಮ್ಮ ಎದೆಯೇ ಕುಗ್ಗಿತ್ತೆಂದು ಆತ್ಮಕಥೆಯಲ್ಲಿ ತಿಳಿಸಿದ್ದಾರೆ.

ಮನೆಯ ದೀಪ

ವೃತ್ತಿಯಲ್ಲಿ ಹಣವೂ ಹೆಸರೂ ಬಂದ ಕೂಡಲೇ ಬದ್ರುದ್ದೀನರು ತಿರುಗಿ ನೋಡಿದುದು ತಮ್ಮ ಸಮಾಜದ ಕಡೆಗೆ. ಮುಂಬಯಿಯ ಮುಸಲ್ಮಾನರಲ್ಲಿ ಹಡಗಿನ ಒಡೆಯರಿದ್ದರು, ದೊಡ್ಡ ವರ್ತಕರಿದ್ದರು. ಅವರ ಹಿಂದೆ ನೇಯ್ಗೆಯವರು, ಕೂಲಿಯವರು, ಗಾಡಿ ಹೊಡೆಯುವವರು ಸಾವಿರಗಟ್ಟಲೆ ಇದ್ದರು. ಆದರೆ ಶಾಲೆಯ ಬೆಂಚುಗಳಲ್ಲಿ ಅವರ ಮಕ್ಕಳು ಬಹು ವಿರಳ. ಪಾರಸಿಗಳೂ ಹಿಂದೂಗಳೂ ಇಂಗ್ಲಿಷ್ ಕಲಿತು ಕಾರಕೂನಿಕೆ, ವೈದ್ಯಕೀಯ, ವಕೀಲಿಗಳಲ್ಲಿ ಮುಂದೆ ಹೋಗುತ್ತಿದ್ದಾಗ ಇವರು ಹಿಂದೆ ಉಳಿದಿದ್ದರು. ಇದಕ್ಕೆ ಸರಕಾರವನ್ನಾಗಲಿ, ನೆರೆಯವರನ್ನಾಗಲಿ ದೂರುವುದರಿಂದ ಫಲವಿಲ್ಲ, ನಮ್ಮ ಮನೆಯ ದೀಪವನ್ನು ನಾವೇ ಹಚ್ಚಬೇಕು ಎಂಬುದು ಬದ್ರುದ್ದೀನರ ನಿಲುವಾಗಿದ್ದಿತು.

1874ರಲ್ಲಿ ಅಣ್ಣ ಕಮ್ರುದ್ದೀನರನ್ನೂ ಇತರ ಕೆಲವು ಸಹೃದಯರನ್ನೂ ಕೂಡಿಕೊಂಡು ಅವರು ಅಂಜುಮನ್-ಇ-ಇಸ್ಲಾಂ ಸಂಸ್ಥೆಯನ್ನು ಸ್ಥಾಪಿಸಿದರು. 1880ರಲ್ಲಿ ಅದರ ಶಾಲೆಯು ಆರಂಭವಾಯಿತು. ಧರ್ಮದ ಪಾಠದೊಡನೆ ಇಂಗ್ಲಿಷನ್ನೂ ಹೊಸ ವಿದ್ಯೆಗಳನ್ನೂ ಅಲ್ಲಿ ಕಲಿಸುವ ಏರ್ಪಾಡಾಯಿತು. ಮಗನು ಇಂಗ್ಲಿಷ್ ಕಲಿತರೂ ನಮಾಜನ್ನು ಮರೆಯುವುದಿಲ್ಲವೆಂದು ತಂದೆತಾಯಿಗಳಿಗೆ ಧೈರ್ಯವಾದ ಮೇಲೆ ಮಕ್ಕಳು ಬರತೊಡಗಿದರು. ಈ ಲೇಖನದ ಮೊದಲಲ್ಲಿ ಹೇಳಿದ ಕಟ್ಟಡವು 1893ರಲ್ಲಿ ಸಿದ್ಧವಾಯಿತು. ಮಕ್ಕಳಿಗೆ ಪಾಠದಷ್ಟೇ ಆಟವೂ ಬೇಕೆಂದು ತಿಳಿದಿದ್ದ ಅವರು ಇಸ್ಲಾಂ ಜಿಮಖಾನದ ಸ್ಥಾಪನೆಗೂ ನೆರವಾದರು. ತಮ್ಮ ಜೀವಮಾನದ ಕೊನೆಯ ವರೆಗೂ ಅವರು ಅಂಜುಮನ್ನಿನ ಕೆಲಸವನ್ನು ಬಿಡಲಿಲ್ಲ.

ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರು ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಜನರಿದ್ದಾರೆ. ಒಂದು ಸಮಾಜಕ್ಕೆ ಒಂದು ಶಾಲೆ ಏನನ್ನು ಮಾಡಿಕೊಡಬಲ್ಲುದೆಂಬುದನ್ನು ಅಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊರ ಕೆಲಸ

ಅಂಜುಮನ್ನಿನ ಕೆಲಸವು ನಡೆದಿರುವಾಗಲೇ ಊರಿನ ಎಲ್ಲರ ಕೆಲಸಕ್ಕೂ ಬದ್ರುದ್ದೀನರು ಹೆಗಲು ಕೊಟ್ಟಿದ್ದರು. 1873ರಲ್ಲಿ ಮುಂಬಯಿ ಮುನಿಸಿಪಾಲಿಟಿಯ ಸದಸ್ಯರಾದರು. 1875ರಿಂದ ಮೂವತ್ತು ವರ್ಷ ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿದ್ದರು. 1882ರಲ್ಲಿ ಗವರ್ನರರ ಕಾಯಿದೆ ಮಂಡಲಿಗೆ ನೇಮಕವಾದರು. 1886ರಲ್ಲಿ ಆರೋಗ್ಯ ಕೆಟ್ಟುದರಿಂದ ಆ ಸ್ಥಾನವನ್ನು ಬಿಟ್ಟರು.

ಆ ದಿನಗಳ ಮುಂಬಯಿಯಲ್ಲಿ ಮೂವರು ವಕೀಲರ ಹೆಸರು ಒಟ್ಟಿಗೇ ಕೇಳಿಬರುತ್ತಿತ್ತು. ಪಾರಸಿಯಾದ ಫಿರೋಜಶಾ ಮೆಹತಾ, ಹಿಂದುವಾದ ಕಾಶಿನಾಥ ತ್ರ್ಯಂಬಕ ತೆಲಂಗ, ಮುಸಲ್ಮಾನರಾದ ಬದ್ರುದ್ದೀನ್ ತಯ್ಯಬ್‌ಜಿ. 1883ರಲ್ಲಿ ಇಲ್ಬರ್ಟ್ ಮಸೂದೆಯ ಗಲಭೆಯೆದ್ದಾಗ ಈ ಮೂವರೂ ಒಂದೇ ವೇದಿಕೆಯ ಮೇಲೆ ನಿಂತರು. ಆ ಮಸೂದೆಯ ವಿಷಯವು ಸರಳವಾದುದು. ಜಿಲ್ಲೆಯಲ್ಲಿ ಬಿಳಿಯನೊಬ್ಬನು ಅಪರಾಧ ಮಾಡಿದರೆ, ಅಲ್ಲಿನ ಮ್ಯಾಜಿಸ್ಟ್ರೇಟನು ಭಾರತೀಯನಾಗಿದ್ದಲ್ಲಿ ಆತನ ವಿಚಾರಣೆಯನ್ನು ಮಾಡುವ ಅಧಿಕಾರ ಅವನಿಗಿರಲಿಲ್ಲ. ಈ ಭೇದವನ್ನು ತೆಗೆಯಬೇಕೆಂದು ಸರಕಾರವು ಹೊರಟಿತು. ಬಿಳಿಯರು ದೇಶದ ಉದ್ದಗಲಕ್ಕೂ ಕೋಲಾಹಲವೆಬ್ಬಿಸಿದರು. ಮುಂಬಯಿಯ ಟೌನ್ ಹಾಲಿನಲ್ಲಿ ಸೇರಿದ ಸಭೆಯಲ್ಲಿ ಬದ್ರುದ್ದೀನರು ಆವೇಶವಿಲ್ಲದ ಮಾತುಗಳಿಂದಲೇ ಮಸೂದೆಯ ನ್ಯಾಯವನ್ನು ಸಮರ್ಥಿಸಿದರು. ಕೊನೆಗೆ ಸರಕಾರವು ಹಿಂಜರಿದು ಮಸೂದೆಯ ಸತ್ವವನ್ನೇ ತೆಗೆಯಿತು. ಒಗ್ಗಟ್ಟಿನಿಂದ ಕೂಗಿದವರಿಗೆ ಜಯವಾಗುವುದೆಂಬ ಪಾಠವನ್ನು ಭಾರತೀಯರು ಆಗ ಕಲಿತರು.

1885ರ ಆರಂಭದಲ್ಲಿ ಈ ಮೂವರೂ ಕೂಡಿ ಬಾಂಬೆ ಪ್ರೆಸಿಡೆನ್ಸಿ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಂಗ್ರೆಸಿನ ಮೊದಲನೆಯ ಅಧಿವೇಶನವು ಮುಂಬಯಿಯಲ್ಲಿ ಸೇರಿದಾಗ ಅತಿಥೇಯ ಸಂಸ್ಥೆಯು ಇದೇ ಆಗಿದ್ದಿತು. ಎಪ್ಪತ್ತೆರಡು ಪ್ರತಿನಿಧಿಗಳ ಆ ಸಭೆಯಲ್ಲಿ ಮುಸಲ್ಮಾನರು ಇಬ್ಬರೇ. ಬದ್ರುದ್ದೀನರಿಗೂ ಆಗ ಸಭೆಗೆ ಬರುವುದು ಆಗಲಿಲ್ಲ. ಮುಸಲ್ಮಾನರು ಕಾಂಗ್ರೆಸಿನಿಂದ ದೂರವಿದ್ದಾರೆಂದು ಆಡಿಕೊಳ್ಳುವವರಿಗೆ ಇಷ್ಟು ಸಾಕಾಯಿತು.

ಮದರಾಸಿನ ಅಧ್ಯಕ್ಷ ಪೀಠ

1887ರ ಡಿಸೆಂಬರ್ ಕೊನೆಯಲ್ಲಿ ಕಾಂಗ್ರೆಸಿನ ಮೂರನೆಯ ಅಧಿವೇಶನವು ಮದರಾಸಿನಲ್ಲಿ ಕೂಡಿತು. ಆರುನೂರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದಿದ್ದರು. ಬದ್ರುದ್ದೀನರು ಅಧ್ಯಕ್ಷರಾದರು. ಅಧ್ಯಕ್ಷ ಪೀಠದಿಂದ ಅವರು ಹೇಳಿದುದರ ಸಾರವಿಷ್ಟು. ಭಾರತದ ಒಂದೊಂದು ಸಮಾಜಕ್ಕೂ ಅದರದೇ ಆದ ಸಮಸ್ಯೆಗಳಿವೆ, ಅವುಗಳನ್ನು ಆಯಾ ಸಮಾಜವೇ ನೋಡಿಕೊಳ್ಳಬೇಕು. ಆದರೆ ತೆರಿಗೆ, ನ್ಯಾಯ, ಕಾಯಿದೆ ಮಂಡಲಿ, ಸರಕಾರಿ ನೌಕರಿ ಮೊದಲಾದವು ಎಲ್ಲರ ಪ್ರಶ್ನೆಗಳು. ಇವುಗಳಿಗಾಗಿ ಮುಸಲ್ಮಾನರು ಉಳಿದವರೊಡನೆ ಹೆಗಲು ಕೊಡದೆ ದೂರ ನಿಲ್ಲಲು ಯಾವ ಕಾರಣವೂ ಇಲ್ಲ.

ಮದರಾಸಿನಲ್ಲಿ ಅಧಿವೇಶನವು ನಡೆಯುತ್ತಿದ್ದ ಅದೇ ದಿನಗಳಲ್ಲಿ, ಡಿಸೆಂಬರ್ 28ರಂದು, ಉತ್ತರದ ಲಖನೌದಲ್ಲಿ ಇನ್ನೊಂದು ಭಾಷಣವಾಯಿತು. ಮಾತನಾಡಿದವರು ಸರ್ ಸಯ್ಯದ್ ಅಹಮದ್ ಖಾನರು. ಅಲಿಗಢದ ಕಾಲೇಜನ್ನು ಸ್ಥಾಪಿಸಿ ಮುಸಲ್ಮಾನರಿಗೆ ಹೊಸ ವಿದ್ಯೆಯ ದಾರಿಯನ್ನು ತೋರಿಸಿದ ಪುಣ್ಯಪುರುಷರು ಅವರು. ಬದ್ರುದ್ದೀನರಿಗೂ ಅವರಲ್ಲಿ ಗೌರವವಿದ್ದಿತು. ಆದರೆ ಕಾಂಗ್ರೆಸಿನಿಂದ ಮುಸಲ್ಮಾನರು ದೂರವಿರಬೇಕೆಂದು ಸಯ್ಯದರು ಕರೆಕೊಟ್ಟರು. ಚುನಾವಣೆಯ ಪದ್ಧತಿ ಬಂದರೆ ಹೆಚ್ಚು ಜನರಿರುವವರ ಕೈಯೇ ಮೇಲಾಗುವುದು, ಪರೀಕ್ಷೆಯಿಂದ ನೌಕರಿ ಕೊಟ್ಟರೆ ಹೆಚ್ಚು ಓದಿದವರಿಗೇ ದೊರೆಯುವುದು, ಎರಡರಲ್ಲಿಯೂ ಹಿಂದೆ ಉಳಿದ ಮುಸಲ್ಮಾನರ ಗತಿಯೇನು ಎಂಬುದು ಅವರ ಚಿಂತೆ. ಆ ಚಿಂತೆಯು ಹುರುಳಿಲ್ಲದ್ದೆಂದು ಹೇಳುವಂತಿರಲಿಲ್ಲ.

1888ರಲ್ಲಿ ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು. ಬದ್ರುದ್ದೀನರ ಉತ್ತರದಲ್ಲಿ ಕೋಪವಿರಲಿಲ್ಲ. ಭಾರತದಲ್ಲಿ ಹಲವು ಸಮಾಜಗಳಿವೆಯೆಂಬುದನ್ನು ಅವರು ಒಪ್ಪಿದರು. ಕಾಂಗ್ರೆಸು ಆ ಎಲ್ಲ ಸಮಾಜಗಳೂ ಸೇರುವ ಸಭೆಯೇ ಹೊರತು ಯಾವ ಒಂದು ಸಮಾಜದ ಸೊತ್ತೂ ಅಲ್ಲವೆಂದರು. ಮುಸಲ್ಮಾನರಿಗೆ ಹಾನಿಕರವಾದ ಠರಾವು ಬಂದರೆ ಅದನ್ನು ತಡೆಯುವ ದಾರಿಯು ಸಭೆಯ ಒಳಗಿದೆ, ಹೊರಗೆ ನಿಂತವನ ಕೂಗು ಒಳಗೆ ಕೇಳಿಸದು ಎಂಬುದು ಅವರ ವಾದದ ತಿರುಳು. ಕಲಕತ್ತೆಯ ಅಮೀರ್ ಅಲಿಯವರು ಬದ್ರುದ್ದೀನರಂತೆಯೇ ಕಾಯಿದೆ ಪಂಡಿತರು, ಇಸ್ಲಾಂ ಧರ್ಮವನ್ನು ಕುರಿತು ಗ್ರಂಥ ಬರೆದವರು. ಅವರೂ ಈ ಮಾತಿಗೆ ಒಲಿಯಲಿಲ್ಲ.

ಬದ್ರುದ್ದೀನರು ಬರಿಯ ಮಾತಿನಲ್ಲಿ ನಿಲ್ಲಲಿಲ್ಲ. ಹಿಂದೂ ಪ್ರತಿನಿಧಿಗಳಾಗಲಿ ಮುಸಲ್ಮಾನ ಪ್ರತಿನಿಧಿಗಳಾಗಲಿ ಒಟ್ಟಾಗಿ ಒಂದು ವಿಷಯವನ್ನು ವಿರೋಧಿಸಿದರೆ ಅದನ್ನು ಚರ್ಚೆಯಿಂದ ಕೈಬಿಡತಕ್ಕದ್ದೆಂಬ ನಿಯಮವನ್ನು ಕಾಂಗ್ರೆಸು ಮಾಡಿಕೊಳ್ಳಬೇಕೆಂದು ಪಟ್ಟುಹಿಡಿದರು. 1888ರ ಅಲಹಾಬಾದಿನ ಅಧಿವೇಶನದಲ್ಲಿ ಆ ನಿಯಮವು ಅಂಗೀಕೃತವಾಯಿತು. ಅಲ್ಪಸಂಖ್ಯೆಯವರ ಭಯಕ್ಕೆ ಭಾಷಣದಿಂದ ಉತ್ತರ ಕೊಡದೆ ನಿಯಮದಿಂದ ಉತ್ತರ ಕೊಟ್ಟುದು ವಕೀಲರಿಗೆ ತಕ್ಕ ಕೆಲಸವೇ ಸರಿ.

ಆದರೂ ಒಡಕು ಬೆಳೆಯುತ್ತಲೇ ಹೋಯಿತು. ಊರೂರುಗಳಲ್ಲಿ ಕಾಂಗ್ರೆಸಿಗೆ ವಿರೋಧವಾದ ಸಭೆಗಳು ಸೇರಿದವು. ತಮ್ಮವರೇ ಹಲವರು ಬದ್ರುದ್ದೀನರನ್ನು ಸಮಾಜವನ್ನು ಬಿಟ್ಟುಕೊಟ್ಟವರೆಂದು ಜರೆದರು. ಆ ವರ್ಷದ ಅಕ್ಟೋಬರಿನಲ್ಲಿ ಅವರು ಕಾಂಗ್ರೆಸಿನ ಕಾರ್ಯದರ್ಶಿಗಳಾದ ಹ್ಯೂಮ್ ಸಾಹೇಬರಿಗೆ ಒಂದು ಪತ್ರ ಬರೆದರು. ಮುಸಲ್ಮಾನರಲ್ಲಿ ಬಹುಭಾಗವು ವಿರೋಧವಾಗಿದೆಯೆಂಬುದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ, ಆದುದರಿಂದ ಕಾಂಗ್ರೆಸಿನ ಅಧಿವೇಶನಗಳನ್ನು ಐದು ವರ್ಷಗಳ ಮಟ್ಟಿಗಾದರೂ ನಿಲ್ಲಿಸಿ ಮನಸ್ಸುಗಳು ತಿಳಿಯಾಗಲು ಸಮಯ ಕೊಡುವುದು ಲೇಸು ಎಂಬುದು ಅವರ ಸೂಚನೆ. ಅದೇ ಕಾಂಗ್ರೆಸಿನ ಅಧ್ಯಕ್ಷ ಪೀಠದಿಂದ ಇಳಿದು ಅವರಿಗೆ ಇನ್ನೂ ಒಂದು ವರ್ಷವಾಗಿರಲಿಲ್ಲ. ತಾವು ಕಟ್ಟಲು ಕೈಹಾಕಿದ ಮನೆಯ ಗೋಡೆಯಲ್ಲಿ ಬಿರುಕು ಕಂಡಾಗ, ಬಿರುಕಿಲ್ಲವೆಂದು ಸುಣ್ಣ ಬಳಿಯುವವರು ಹಲವರಿರುತ್ತಾರೆ. ಬದ್ರುದ್ದೀನರು ಆ ಗುಂಪಿನವರಲ್ಲ. ಸೂಚನೆಯನ್ನು ಕಾಂಗ್ರೆಸು ಒಪ್ಪಲಿಲ್ಲ. ಅಲಹಾಬಾದಿಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದರು. ಅವರಲ್ಲಿ ಮುಸಲ್ಮಾನರೂ ಇನ್ನೂರಕ್ಕೆ ಮಿಕ್ಕಿದ್ದರು. ತಮ್ಮ ಸಲಹೆ ನಡೆಯಲಿಲ್ಲವೆಂದು ಬದ್ರುದ್ದೀನರು ಮುನಿಸಿಕೊಂಡು ಎದುರು ಪಾಳೆಯವನ್ನು ಸೇರಲಿಲ್ಲ.

ನ್ಯಾಯಪೀಠದಲ್ಲಿ

1895ರ ಜೂನಿನಲ್ಲಿ ಬದ್ರುದ್ದೀನರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ನ್ಯಾಯಾಧೀಶರಾದವರು ರಾಜಕೀಯದಲ್ಲಿ ತೊಡಗುವಂತಿಲ್ಲ. ವೇದಿಕೆಯ ಮಾತು ಅಲ್ಲಿಗೆ ಮುಗಿಯಿತು. ಮರುವರ್ಷ, 1896ರಲ್ಲಿ, ದಕ್ಷಿಣ ಆಫ್ರಿಕದ ಭಾರತೀಯರ ದುಃಖವನ್ನು ಹೇಳಿಕೊಳ್ಳಲು ಮುಂಬಯಿಗೆ ಬಂದ ಯುವಕ ಗಾಂಧಿಯವರು ಮೊದಲು ನ್ಯಾಯಮೂರ್ತಿ ರಾನಡೆಯವರನ್ನೂ ಆಮೇಲೆ ಬದ್ರುದ್ದೀನರನ್ನೂ ಕಂಡರು. ಇಬ್ಬರೂ ಸಹಾನುಭೂತಿ ತೋರಿಸಿದರು. ತಾವು ಸರಕಾರಿ ಪೀಠದಲ್ಲಿರುವುದರಿಂದ ಫಿರೋಜಶಾ ಮೆಹತಾರವರೇ ಇದಕ್ಕೆ ತಕ್ಕ ಮಾರ್ಗದರ್ಶಕರೆಂದು ಇಬ್ಬರೂ ಹೇಳಿ ಕಳುಹಿಸಿದರು.

1897ರಲ್ಲಿ ಒಂದು ದೊಡ್ಡ ಪರೀಕ್ಷೆಯು ಎದುರಾಯಿತು. ಪುಣೆಯಲ್ಲಿ ಪ್ಲೇಗು ಹಬ್ಬಿ, ಮನೆಮನೆಗಳಲ್ಲಿ ಸೋಲ್ಜರರ ಶೋಧನೆ ನಡೆದು, ಜನರ ಮನಸ್ಸು ಕುದಿಯುತ್ತಿದ್ದ ವರ್ಷವದು. ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡ್ ಎಂಬಾತನ ಮೇಲೆ ಗುಂಡು ಹಾರಿತು. ಕೇಸರಿ ಪತ್ರಿಕೆಯ ಬರಹಗಳಿಗಾಗಿ ಲೋಕಮಾನ್ಯ ಟಿಳಕರ ಮೇಲೆ ರಾಜದ್ರೋಹದ ಆರೋಪ ಹೊರಿಸಿ, ಜುಲೈ ಕೊನೆಯಲ್ಲಿ ಅವರನ್ನು ಬಂಧಿಸಲಾಯಿತು. ಮ್ಯಾಜಿಸ್ಟ್ರೇಟನು ಜಾಮೀನನ್ನು ನಿರಾಕರಿಸಿದನು. ಹೈಕೋರ್ಟಿನಲ್ಲಿ ಪಾರ್ಸನ್ಸ್ ಮತ್ತು ರಾನಡೆಯವರ ಮುಂದೆ ಹೋದ ಅರ್ಜಿಯೂ ಫಲಿಸಲಿಲ್ಲ. ಆಗಸ್ಟ್ 4ರಂದು ಬ್ಯಾರಿಸ್ಟರ್ ದಿನಶಾ ದಾವರರು ಅದೇ ಅರ್ಜಿಯನ್ನು ಬದ್ರುದ್ದೀನರ ಮುಂದೆ ತಂದರು.

ಟಿಳಕರ ರಾಜಕೀಯವು ಬದ್ರುದ್ದೀನರ ಮಿತವಾದದ ದಾರಿಯಲ್ಲ. ಸರಕಾರದ ಕಣ್ಣೆಲ್ಲ ಆ ಕೋಣೆಯ ಮೇಲೆ ನೆಟ್ಟಿತ್ತು. ಬದ್ರುದ್ದೀನರು ನೋಡಿದುದು ಕಾಯಿದೆಯನ್ನು ಮಾತ್ರ. ಜಾಮೀನೆಂಬುದು ಆರೋಪಿಯು ವಿಚಾರಣೆಗೆ ಹಾಜರಾಗುವನೆಂಬ ಭರವಸೆಗಾಗಿ ಇರುವುದು, ತೀರ್ಪಿಗೆ ಮೊದಲೇ ಶಿಕ್ಷೆ ಕೊಡುವುದಕ್ಕಲ್ಲ. ಇಂಥ ಮನುಷ್ಯನು ಓಡಿಹೋಗುವನೆಂದು ನಂಬಲು ಕಾರಣವಿರಲಿಲ್ಲ. ಸೆರೆಯಲ್ಲಿಟ್ಟರೆ ತನ್ನ ಪರವಾದ ವಾದವನ್ನು ಸಿದ್ಧಪಡಿಸಿಕೊಳ್ಳಲು ಅವನಿಗೆ ಅಡ್ಡಿಯಾಗುವುದು. ಆದುದರಿಂದ ಜಾಮೀನಿನ ಮೇಲೆ ಬಿಡುಗಡೆಯ ಆಜ್ಞೆಯಾಯಿತು. ಮುಂದೆ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಸ್ಟ್ರೇಚಿಯವರ ಮುಂದೆ ವಿಚಾರಣೆ ನಡೆದು, ಆರು ಜನ ಯುರೋಪಿಯನ್ ಪಂಚರು ಅಪರಾಧಿಯೆಂದೂ ಮೂವರು ಭಾರತೀಯ ಪಂಚರು ನಿರಪರಾಧಿಯೆಂದೂ ಹೇಳಿ, ಟಿಳಕರಿಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. 1908ರಲ್ಲಿ ಟಿಳಕರು ಮತ್ತೆ ಬಂಧಿತರಾದಾಗ, ಹಿಂದೆ ಅವರ ಜಾಮೀನಿಗಾಗಿ ವಾದಿಸಿದ್ದ ದಾವರರೇ ನ್ಯಾಯಾಧೀಶರಾಗಿದ್ದರು. ಅವರು ಜಾಮೀನು ಕೊಡಲಿಲ್ಲ. ಆರು ವರ್ಷಗಳ ಶಿಕ್ಷೆಯನ್ನು ವಿಧಿಸಿದವರೂ ಅವರೇ. ಪೀಠವನ್ನು ಏರಿದ ಮೇಲೆಯೂ ಮನಸ್ಸು ನೆಟ್ಟಗೆ ಉಳಿಯುವುದು ಎಷ್ಟು ಕಷ್ಟವೆಂಬುದಕ್ಕೆ ಈ ಎರಡು ಚಿತ್ರಗಳೇ ಸಾಕ್ಷಿ. 1902ರಲ್ಲಿ ಬದ್ರುದ್ದೀನರು ಹಂಗಾಮಿಯಾಗಿ ಮುಖ್ಯ ನ್ಯಾಯಾಧೀಶರ ಸ್ಥಾನವನ್ನೂ ವಹಿಸಿದರು.

ಧರ್ಮ ಮತ್ತು ರೂಢಿ

ಬದ್ರುದ್ದೀನರು ಮುಂಡಾಸು ಧರಿಸಿ, ಗಡ್ಡ ಬಿಟ್ಟು, ತಮ್ಮ ಧರ್ಮದ ನಿಷ್ಠೆಯಲ್ಲಿಯೇ ಬಾಳಿದವರು. ವಿಲಾಯತಿಯ ಓದು ಅದನ್ನು ಕದಲಿಸಲಿಲ್ಲ. ಆದರೆ ಧರ್ಮ ಯಾವುದು, ಧರ್ಮದ ಹೆಸರಿನಲ್ಲಿ ಬಂದು ಸೇರಿಕೊಂಡ ರೂಢಿ ಯಾವುದು ಎಂದು ಬೇರ್ಪಡಿಸಿ ನೋಡುವ ವಕೀಲನ ಕಣ್ಣು ಅವರಿಗಿದ್ದಿತು. ಭಾರತದ ಮುಸಲ್ಮಾನರಲ್ಲಿ ನಡೆದು ಬಂದ ಕಟ್ಟುನಿಟ್ಟಾದ ಪರ್ದಾ ಪದ್ಧತಿಯು ಕುರಾನಿನ ವಿಧಿಯನ್ನು ಮೀರಿದುದೆಂದು ಅವರು ತಿಳಿದಿದ್ದರು. ಇತರರಿಗೆ ಹೇಳುವ ಮೊದಲು ತಮ್ಮ ಮನೆಯಲ್ಲಿ ಅದನ್ನು ಆಚರಿಸಿದರು. ತಮ್ಮ ಹೆಣ್ಣುಮಕ್ಕಳನ್ನು ಮುಂಬಯಿಯ ಶಾಲೆಗೆ ಕಳುಹಿಸಿದರು. 1904ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಇಂಗ್ಲೆಂಡಿನ ಹ್ಯಾಸಲ್‌ಮಿಯರ್ ಎಂಬ ಊರಿನ ವಸತಿಶಾಲೆಗೂ ಕಳುಹಿಸಿ ಓದಿಸಿದರು. ತಂದೆ ಗಂಡುಮಕ್ಕಳಿಗೆ ತೆರೆದ ಬಾಗಿಲನ್ನು ಮಗನು ಹೆಣ್ಣುಮಕ್ಕಳಿಗೂ ತೆರೆದಂತಾಯಿತು.

1903ರಲ್ಲಿ ಮುಸಲ್ಮಾನರ ಅಖಿಲ ಭಾರತ ಶಿಕ್ಷಣ ಪರಿಷತ್ತು ಮುಂಬಯಿಯಲ್ಲಿ ಸೇರಿತು. ಈ ಪರಿಷತ್ತು ಸರ್ ಸಯ್ಯದರು ಕಟ್ಟಿದುದು. ಸಯ್ಯದರು 1898ರಲ್ಲಿ ತೀರಿಕೊಂಡಿದ್ದರು. ಹದಿನೈದು ವರ್ಷಗಳ ಹಿಂದೆ ಅವರೊಡನೆ ಭಿನ್ನಾಭಿಪ್ರಾಯ ತಳೆದು ನಿಂತಿದ್ದ ಬದ್ರುದ್ದೀನರನ್ನೇ ಪರಿಷತ್ತು ಅಧ್ಯಕ್ಷರನ್ನಾಗಿ ಕರೆಯಿತು. ಇಷ್ಟು ವರ್ಷ ತಾವು ಅದರಲ್ಲಿ ಭಾಗವಹಿಸದೆ ಇದ್ದುದಕ್ಕೆ ಕಾಂಗ್ರೆಸಿನ ಬಗೆಗಿನ ಭಿನ್ನಾಭಿಪ್ರಾಯವೇ ಕಾರಣವೆಂಬುದನ್ನು ಅವರು ಮರೆಮಾಡಲಿಲ್ಲ. ವಿದ್ಯೆಯ ವಿಷಯದಲ್ಲಿ ಸಯ್ಯದರ ಋಣವನ್ನು ಒಪ್ಪಿಕೊಳ್ಳಲೂ ಹಿಂಜರಿಯಲಿಲ್ಲ. ಅದೇ ವೇದಿಕೆಯಿಂದ ಹೆಣ್ಣುಮಕ್ಕಳ ವಿದ್ಯೆಯನ್ನೂ ಪರ್ದಾ ಸಡಿಲಿಕೆಯನ್ನೂ ಎತ್ತಿ ಹೇಳಿದರು. ಎಲ್ಲರಿಗೂ ಅದು ರುಚಿಸಲಿಲ್ಲ. ರುಚಿಸುವುದನ್ನು ಮಾತ್ರ ಹೇಳುವ ಅಭ್ಯಾಸವು ಅವರಿಗೆ ಮೊದಲಿನಿಂದಲೂ ಇರಲಿಲ್ಲ.

ಅವಸಾನ ಮತ್ತು ಅನಂತರ

1906ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದಾಗ, ಆಗಸ್ಟ್ ತಿಂಗಳಲ್ಲಿ, ಹೃದಯಾಘಾತದಿಂದ ಬದ್ರುದ್ದೀನರು ಅಕಸ್ಮಾತ್ತಾಗಿ ನಿಧನ ಹೊಂದಿದರು. ಅವರಿಗೆ ಅರುವತ್ತೆರಡು ವರ್ಷವೂ ತುಂಬಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಢಾಕಾದಲ್ಲಿ ಮುಸ್ಲಿಂ ಲೀಗು ಹುಟ್ಟಿತು. 1909ರಲ್ಲಿ ಬ್ರಿಟಿಷ್ ಸರಕಾರವು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಬದ್ರುದ್ದೀನರು 1888ರಲ್ಲಿ ಕಂಡ ಬಿರುಕು ಅಗಲವಾಗುತ್ತಾ ಹೋಗಿ 1947ರಲ್ಲಿ ದೇಶವೇ ಎರಡಾಯಿತು. ಹಾಗಾದರೆ ಅವರ ಪ್ರಯತ್ನವು ಸೋತಿತೆನ್ನಬೇಕೆ?

ಒಂದು ದೃಷ್ಟಿಯಿಂದ ಸೋತಿತೆಂದೇ ಹೇಳಬೇಕು. ಆದರೆ ಬಿತ್ತಿದ ಬೀಜವೆಲ್ಲ ಒಂದೇ ಮಳೆಗೆ ಮೊಳೆಯುವುದಿಲ್ಲ. ಅವರ ಅಣ್ಣನ ಮಗ ಅಬ್ಬಾಸ್ ತಯ್ಯಬ್‌ಜಿಯವರು ಬಡೋದೆಯಲ್ಲಿ ನ್ಯಾಯಾಧೀಶರಾಗಿದ್ದವರು. ಮುಪ್ಪಿನಲ್ಲಿ ಖಾದಿ ತೊಟ್ಟು ಗಾಂಧೀಜಿಯವರ ಬೆನ್ನಿಗೆ ನಿಂತರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ, ಧರಾಸಣದ ಉಪ್ಪಿನ ಸತ್ಯಾಗ್ರಹದ ಮುಂದಾಳಾಗಿ ಹೊರಟವರು ಎಪ್ಪತ್ತಾರು ವರ್ಷದ ಈ ಮುದುಕರೇ. ಬದ್ರುದ್ದೀನರ ಮಗ ಫೈಜ್ ತಯ್ಯಬ್‌ಜಿಯವರು ತಂದೆಯಂತೆ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿ, ಮುಸಲ್ಮಾನರ ಕಾಯಿದೆಯ ಮೇಲೆ ಪ್ರಮಾಣಭೂತವಾದ ಗ್ರಂಥವನ್ನು ಬರೆದರು. ಅಂಜುಮನ್ ಸಂಸ್ಥೆಯು ಒಂದು ಶಾಲೆಯಿಂದ ಬೆಳೆದು 150 ವರ್ಷಗಳನ್ನು ದಾಟಿ, ಹಲವು ಶಾಲೆ ಕಾಲೇಜುಗಳನ್ನು ಇಂದಿಗೂ ನಡೆಸುತ್ತಿದೆ.

ಪರ ಊರಿನಲ್ಲಿ ಬಾಳುವವರಿಗೆ ಬದ್ರುದ್ದೀನರ ಪ್ರಶ್ನೆಯು ಹೊಸದಲ್ಲ. ನಮ್ಮ ಜಾತಿಯ ಸಂಘವೊಂದು, ನಮ್ಮ ಭಾಷೆಯ ಸಂಘವೊಂದು, ನಾವು ಅನ್ನ ತಿನ್ನುವ ಊರು ಒಂದು, ಇವೆಲ್ಲವನ್ನೂ ಒಳಗೊಂಡ ದೇಶ ಒಂದು. ಒಂದರಲ್ಲಿ ನಿಂತವನು ಇನ್ನೊಂದಕ್ಕೆ ದ್ರೋಹಿಯೆಂದು ಹೇಳುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಮನೆಯ ಕೊರತೆಯನ್ನು ಮನೆಯವರೇ ಕೂಡಿ ತುಂಬಿಸಬೇಕು, ಊರ ಕೆಲಸಕ್ಕೆ ಊರವರೆಲ್ಲರ ಜೊತೆ ಹೋಗಬೇಕು, ನ್ಯಾಯದ ಪೀಠದಲ್ಲಿ ಕುಳಿತಾಗ ಇವನು ನಮ್ಮವನೇ ಎಂದು ಕೇಳಬಾರದು. ಬದ್ರುದ್ದೀನರು ಬಾಳಿ ತೋರಿಸಿದುದು ಇಷ್ಟು. ಕೇಳಲು ಸುಲಭವಾದ ಈ ಮಾತುಗಳು ನಡೆಸಲು ಎಷ್ಟು ಕಠಿಣವೆಂಬುದನ್ನು ಅವರ ಜೀವನಚರಿತ್ರೆಯೇ ಹೇಳುತ್ತದೆ.